‘ಒಟ್ಟಿಗೆ ಎಷ್ಟು ಕೊಡ್ತೀರಿ?’: ವಿಚ್ಛೇದನದ ಮಾತುಕತೆಯಲ್ಲಿ ಕರಗಿಹೋಗುವ ಮಗುವಿನ ಹಣ

ಬೆಂಗಳೂರಿನ ಸಿದ್ದಯ್ಯ ರಸ್ತೆಯ ‘ನ್ಯಾಯದೇಗುಲ’ದಲ್ಲಿ ಕೌಟುಂಬಿಕ ನ್ಯಾಯಾಲಯಗಳಿವೆ. ಹೈಕೋರ್ಟ್ 2007ರಲ್ಲಿ ಆರಂಭಿಸಿದ ಮಧ್ಯಸ್ಥಿಕೆ ಕೇಂದ್ರವೂ ಅದೇ ಕಟ್ಟಡದಲ್ಲಿ ನೆಲೆ ಕಂಡಿತು. ಮೇಜಿನ ಆಚೆ ಈಚೆ ಗಂಡ ಹೆಂಡತಿ, ಪಕ್ಕದಲ್ಲಿ ಇಬ್ಬರ ವಕೀಲರು, ನಡುವೆ ಮಧ್ಯಸ್ಥಿಕೆದಾರರು. ಮೊದಲ ಸಲ ಕೂತಾಗ ಹಳೆಯ ಸಿಟ್ಟೆಲ್ಲ ಹೊರಬೀಳುತ್ತದೆ. ಎರಡನೆಯ ಸಲವೋ ಮೂರನೆಯ ಸಲವೋ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಒಟ್ಟಿಗೆ ಎಷ್ಟು ಕೊಡ್ತೀರಿ?’ ಅಲ್ಲಿಂದ ಮಾತು ದನದ ಸಂತೆಯ ದಾರಿ ಹಿಡಿಯುತ್ತದೆ. ಟವೆಲಿನ ಕೆಳಗೆ ಬೆರಳು ಹಿಡಿಯುವುದೊಂದು ಬಾಕಿ. ಒಬ್ಬರು 50 ಲಕ್ಷ ಅನ್ನುತ್ತಾರೆ, ಇನ್ನೊಬ್ಬರು 15. ಎಲ್ಲೋ 28ಕ್ಕೆ, 30ಕ್ಕೆ ಬಂದು ನಿಲ್ಲುತ್ತದೆ.

ಆ 30 ಲಕ್ಷದಲ್ಲಿ ಏನೇನಿದೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಹೆಂಡತಿಯ ಜೀವನಾಂಶ ಅದರಲ್ಲಿದೆ. ಮಗುವಿನ ಊಟ, ಬಟ್ಟೆ, ಶಾಲೆ ಅದರಲ್ಲಿದೆ. ಹೆಂಡತಿಯದೇ ಆಗಿದ್ದ ಒಡವೆ, ಫ್ಲ್ಯಾಟಿಗೆ ಅವಳು ಹಾಕಿದ ಮುಂಗಡ ಕೂಡ ಅದರಲ್ಲೇ ಸೇರಿಹೋಗಿದೆ. ಈ ಮೂರು ಹಣಕ್ಕೆ ಒಡೆಯರು ಬೇರೆ, ಕಾನೂನು ಬೇರೆ, ತೆರಿಗೆ ಬೇರೆ, ಅವಧಿಯೂ ಬೇರೆ. ಮೂರನ್ನೂ ಒಂದೇ ಪಾತ್ರೆಗೆ ಸುರಿದಾಗ ಕಡಿಮೆಯಾಗುವುದು ಹೆಚ್ಚಾಗಿ ಮಗುವಿನ ಪಾಲು, ಏಕೆಂದರೆ ಆ ಕೋಣೆಯಲ್ಲಿ ಮಗುವಿನ ಪರವಾಗಿ ಕೂತ ವಕೀಲರಿರುವುದಿಲ್ಲ. ಹಾಗಾಗಿ ಮಾತುಕತೆಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಬೇಕು: ಅವಳಿಗೆ, ಮಗುವಿಗೆ, ಆಸ್ತಿಗೆ. ಒಟ್ಟು ಮೊತ್ತ ಕೊನೆಯ ಸಾಲಿನಲ್ಲಿ ಬರಲಿ, ಮೊದಲ ಸಾಲಿನಲ್ಲಿ ಬೇಡ.

‘ಅರ್ಧ ಆಸ್ತಿ’ ಎಂಬ ನಂಬಿಕೆ

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಸಿಗುತ್ತದೆ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಗೋವಾ, ದಮನ್ ಮತ್ತು ದಿಯುಗಳಲ್ಲಿ ಮಾತ್ರ, ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಯಿಂದಾಗಿ, ದಂಪತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರದೂ ಎನಿಸಿಕೊಳ್ಳುತ್ತದೆ. ಕರ್ನಾಟಕದಲ್ಲಾಗಲಿ ದೇಶದ ಉಳಿದೆಡೆಯಾಗಲಿ ಆ ಪದ್ಧತಿ ಇಲ್ಲ. ಇಲ್ಲಿ ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಅವರದು ಆಸ್ತಿ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಕೂಡ ಮದುವೆಯ ಹೊತ್ತಿಗೆ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ ಮಾತ್ರ ಆದೇಶ ಮಾಡಲು ಅಧಿಕಾರ ಕೊಡುತ್ತದೆ. ಹತ್ತು ವರ್ಷ ಮನೆ ನಡೆಸಿ, ಮಗು ಸಾಕಿ, ಗಂಡನ ಸಂಬಳ ಇಎಂಐಗೆ ಉಳಿಯುವಂತೆ ನೋಡಿಕೊಂಡವಳಿಗೆ ಆ ಮನೆಯಲ್ಲಿ ಮಾಲೀಕತ್ವ ತಾನಾಗಿ ಹುಟ್ಟುವುದಿಲ್ಲ. ಇದು ಅನ್ಯಾಯವೇ. ಆದರೆ ಸದ್ಯದ ಕಾನೂನು ಹೀಗಿದೆ.

ಅತ್ತೆ ಮಾವನ ಮನೆಯ ವಿಷಯದಲ್ಲೂ ಇದೇ ಗೊಂದಲ. 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾವನ ಹೆಸರಿನಲ್ಲಿರುವ ಮನೆಯೂ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ‘ಹಂಚಿಕೊಂಡ ಮನೆ’ ಆಗಬಹುದು ಎಂದಿತು. ಅದು ವಾಸದ ಹಕ್ಕು, ಮಾರುವ ಹಕ್ಕಲ್ಲ. ಮಾತುಕತೆಯಲ್ಲಿ ಅದಕ್ಕೆ ಬೆಲೆ ಇದೆ (ಬೇರೆ ಮನೆಯ ಬಾಡಿಗೆ ಕೇಳಲು ಅದೇ ಆಧಾರ), ಆದರೆ ಅದನ್ನು ‘ನನ್ನ ಪಾಲು’ ಎಂದು ಲೆಕ್ಕ ಹಾಕಿಕೊಂಡು ಕೂತರೆ ಮಾತುಕತೆ ಮುಂದೆ ಹೋಗುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಂಡತಿಗೆ ವಿಚ್ಛೇದನದಿಂದ ಪಾಲು ಬಾರದು; ವಿಚ್ಛೇದನವಾದ ಮೇಲೆ ಅವಳು ಗಂಡನ ವಾರಸುದಾರಳೂ ಅಲ್ಲ. ಮಗುವಿನ ಸ್ಥಾನ ಮಾತ್ರ ಅಲುಗುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಗಂಡಾಗಲಿ ಹೆಣ್ಣಾಗಲಿ ಹುಟ್ಟಿನಿಂದಲೇ ಪಾಲುದಾರರು. ಕರ್ನಾಟಕ ಹೆಣ್ಣುಮಕ್ಕಳಿಗೆ ಇದನ್ನು 1994ರಲ್ಲೇ ಕೊಟ್ಟಿತ್ತು, ಕೇಂದ್ರ 2005ರಲ್ಲಿ ಕೊಟ್ಟಿತು. ತೋಟ, ಗದ್ದೆ ಇರುವ ಮನೆಗಳಲ್ಲಿ ಒಪ್ಪಂದದ ಕರಡಿನಲ್ಲಿ ‘ಮಗುವಿಗೂ ಇನ್ನು ಯಾವುದೇ ಹಕ್ಕು ಇರುವುದಿಲ್ಲ’ ಎಂಬ ಸಾಲು ನುಸುಳುತ್ತದೆ. ತಾಯಿ ತನ್ನ ಹಕ್ಕು ಬಿಟ್ಟುಕೊಡಬಹುದು. ಮಗುವಿನ ಹಕ್ಕನ್ನು ಬಿಟ್ಟುಕೊಡಲು ಅವಳಿಗೆ ಅಧಿಕಾರವಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆ ಸಾಲು ಕೋರ್ಟಿನಲ್ಲಿ ನಿಲ್ಲದು. ಆದರೂ ಹೊಡೆದುಹಾಕಿಸಿಯೇ ಸಹಿ ಮಾಡುವುದು ಒಳ್ಳೆಯದು, ಇಲ್ಲದಿದ್ದರೆ ಹದಿನೈದು ವರ್ಷದ ನಂತರ ಮಗು ಅದನ್ನು ರದ್ದು ಮಾಡಿಸಲು ಓಡಾಡಬೇಕು.

ಆದಾಯ ತೋರಿಸುವ ಕಾಗದಗಳು

ಚೌಕಾಸಿಗೆ ಮೊದಲು ಎದುರಿನವರ ನಿಜವಾದ ಆದಾಯ ಗೊತ್ತಿರಬೇಕು. ರಜನೀಶ್ ವಿರುದ್ಧ ನೇಹಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು (2020ರ ನವೆಂಬರ್ 4) ಇದಕ್ಕೆ ದಾರಿ ಮಾಡಿಕೊಟ್ಟಿತು. ಜೀವನಾಂಶದ ಪ್ರತಿ ಪ್ರಕರಣದಲ್ಲೂ ಇಬ್ಬರೂ ಆಸ್ತಿ, ಸಾಲ, ಆದಾಯ, ಖರ್ಚಿನ ಅಫಿಡವಿಟ್ ಹಾಕಬೇಕು. ನಮೂನೆಯನ್ನು ತೀರ್ಪಿಗೇ ಲಗತ್ತಿಸಲಾಗಿದೆ. ಕೃಷಿಕರಿಗೆ ಪ್ರತ್ಯೇಕ ನಮೂನೆ ಇದೆ. ಎದುರುದಾರರಿಗೆ ಹೆಚ್ಚೆಂದರೆ ನಾಲ್ಕು ವಾರ, ಹೆಚ್ಚೆಂದರೆ ಎರಡು ಅವಕಾಶ. ಬೇಕೆಂದೇ ಎಳೆದರೆ ನ್ಯಾಯಾಲಯ ಅವರ ಪ್ರತಿವಾದವನ್ನೇ ತೆಗೆದುಹಾಕಬಹುದು. ಮಧ್ಯಂತರ ಅರ್ಜಿಯನ್ನು ನಾಲ್ಕರಿಂದ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದೂ, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದೂ ಆ ತೀರ್ಪು ಹೇಳಿತು. ಈ ಕೊನೆಯ ಮಾತು ಬಹಳ ಮುಖ್ಯ. ‘ಸೆಟ್ಲ್ ಆಗುತ್ತಲ್ಲ, ಅರ್ಜಿ ಯಾಕೆ’ ಎಂದು ಎರಡು ವರ್ಷ ಕಾದವರು ಆ ಎರಡು ವರ್ಷದ ಹಣ ಕೇಳುವಾಗ ಕೈಯಲ್ಲಿ ಏನೂ ಇರುವುದಿಲ್ಲ. ಅರ್ಜಿ ಹಾಕಿಟ್ಟುಕೊಂಡೇ ಮಾತಾಡಬಹುದು.

ಅಫಿಡವಿಟ್‌ನಲ್ಲಿ ಸುಳ್ಳು ಬರುವುದಿಲ್ಲವೇ? ಬರುತ್ತದೆ. ಸಂಬಳದಾರರಲ್ಲಿ ಹೆಚ್ಚು ಮುಚ್ಚಿಡಲು ಆಗದು: ಸಂಬಳದ ಚೀಟಿ, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ಐಟಿ ಕಂಪನಿಗಳವರಾದರೆ ಷೇರು ರೂಪದಲ್ಲಿ ಬರುವ ಬೋನಸ್ ತಿಂಗಳ ಚೀಟಿಯಲ್ಲಿ ಕಾಣದಿರಬಹುದು, ಉದ್ಯೋಗದಾತರು ಕೊಡುವ ತೆರಿಗೆ ಪತ್ರವಾದ ಫಾರ್ಮ್ 16ರಲ್ಲಿ ಕಾಣುತ್ತದೆ. ಅಂಗಡಿ, ಕಂಟ್ರ್ಯಾಕ್ಟ್, ಸ್ವಂತ ವ್ಯವಹಾರದವರದು ಬೇರೆಯೇ ಕತೆ. ರಿಟರ್ನ್ಸ್‌ನಲ್ಲಿ ವರ್ಷಕ್ಕೆ 5 ಲಕ್ಷ ಎಂದಿರುತ್ತದೆ. ಅಂಥವರ ವಿಷಯದಲ್ಲಿ ಹುಡುಕಬೇಕಾದ ಕಾಗದ ಸಾಲದ ಅರ್ಜಿ. ಕಾರಿಗೋ ಮನೆಗೋ ಸಾಲ ಕೇಳುವಾಗ ಅದೇ ಮನುಷ್ಯ ಬ್ಯಾಂಕಿಗೆ ತನ್ನ ಆದಾಯವನ್ನು ಧಾರಾಳವಾಗಿ ಹೇಳಿಕೊಂಡಿರುತ್ತಾನೆ. ಅದರ ಪ್ರತಿ ತರಿಸಲು ನ್ಯಾಯಾಲಯವನ್ನು ಕೇಳಬಹುದು. ಜಿಎಸ್‌ಟಿ ರಿಟರ್ನ್ಸ್, ಪಹಣಿ, ಋಣಭಾರ ಪ್ರಮಾಣಪತ್ರ ಇವೂ ಅಷ್ಟೇ ಮಾತಾಡುತ್ತವೆ.

ಖರ್ಚಿನ ಕಡೆಯೂ ಪ್ರಾಮಾಣಿಕವಾಗಿರಬೇಕು. 2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ತಿಂಗಳಿಗೆ 6,16,300 ರೂಪಾಯಿ ಕೇಳಿದ ಅರ್ಜಿಯ ವಿಚಾರಣೆಯ ವಿಡಿಯೋ ಎಲ್ಲೆಡೆ ಹರಿದಾಡಿತು. ನ್ಯಾಯಮೂರ್ತಿಗಳು ಕಟುವಾಗಿಯೇ ಪ್ರಶ್ನಿಸಿದರು. ಉಬ್ಬಿಸಿದ ಒಂದು ಅಂಕಿ, ನಿಜವಾದ ಹತ್ತು ಅಂಕಿಗಳ ಮೇಲೂ ಅನುಮಾನ ತರುತ್ತದೆ. ಇನ್ನು ‘ಸಂಬಳದ ಶೇ. 25’ ಎಂಬ ಜನಪ್ರಿಯ ಸೂತ್ರ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವ್ವಳ ಸಂಬಳದ ಶೇ. 25 ನ್ಯಾಯಯುತ ಎಂದದ್ದು ನಿಜ, ಆದರೆ ಅದು ಶಾಸನವಲ್ಲ. ನ್ಯಾಯಾಧೀಶರು ಅದನ್ನು ಮೀರಿಯೂ ಕೊಟ್ಟಿದ್ದಾರೆ, ಕೆಳಗೂ ಇಳಿದಿದ್ದಾರೆ.

ಮಗುವಿನ ಕಾಲಂ

ಏಳು ವರ್ಷದ, ಎರಡನೇ ತರಗತಿಯ ಒಂದು ಮಗುವನ್ನು ಊಹಿಸಿಕೊಳ್ಳಿ. ತಿಂಗಳಿಗೆ ಶಾಲಾ ಶುಲ್ಕ 15,000 (ವರ್ಷದ 1,80,000ವನ್ನು ಹನ್ನೆರಡರಿಂದ ಭಾಗಿಸಿ), ಶಾಲಾ ವಾಹನ 3,000, ಊಟ ತಿಂಡಿ ಹಾಲು 6,000, ಆರೋಗ್ಯ ವಿಮೆ ಮತ್ತು ಔಷಧ 1,500, ಈಜು ಅಥವಾ ಸಂಗೀತದ ತರಗತಿ 3,500, ಬಟ್ಟೆ ಬರೆ 2,000, ಮನೆ ಬಾಡಿಗೆಯಲ್ಲಿ ಮಗುವಿನ ಪಾಲು 6,000. ಒಟ್ಟು 37,000. ಬಾಡಿಗೆಯ ಪಾಲನ್ನು ಹೆಚ್ಚಿನವರು ಮರೆಯುತ್ತಾರೆ. ಮಗು ಇಲ್ಲದಿದ್ದರೆ ತಾಯಿ ಒಂದು ಕೋಣೆಯ ಮನೆಯಲ್ಲಿರುತ್ತಿದ್ದಳು ಎಂಬುದೇ ಆ ಲೆಕ್ಕ.

ತಂದೆಯ ಕೈಗೆ ಬರುವ ಸಂಬಳ 1,40,000, ತಾಯಿಯದು 60,000 ಎನ್ನಿ. ಮಕ್ಕಳ ವಿದ್ಯಾಭ್ಯಾಸದ ಖರ್ಚು ಸಾಮಾನ್ಯವಾಗಿ ತಂದೆಯದು, ತಾಯಿ ಸಾಕಷ್ಟು ದುಡಿಯುತ್ತಿದ್ದರೆ ಆದಾಯದ ಅನುಪಾತದಲ್ಲಿ ಹಂಚಬಹುದು ಎಂಬುದು ರಜನೀಶ್ ತೀರ್ಪಿನ ನಿಲುವು. ಅದನ್ನೇ ಇಡೀ ಖರ್ಚಿಗೆ ಹಿಡಿದರೆ 70:30. ತಂದೆಯ ಪಾಲು 25,900, ತಾಯಿಯದು 11,100. ಈ ಹಾಳೆ ಮೇಜಿನ ಮೇಲೆ ಬಿದ್ದ ಮೇಲೆ ‘ಹತ್ತು ಸಾವಿರ ಕೊಡ್ತೀನಿ’ ಎನ್ನುವವರು ಯಾವ ಸಾಲನ್ನು ಹೊಡೆಯುತ್ತೀರಿ ಎಂಬುದಕ್ಕೆ ಉತ್ತರಿಸಬೇಕಾಗುತ್ತದೆ.

ಇಂದಿನ ಅಂಕಿಗೆ ಒಪ್ಪಿಸುವುದು ಸುಲಭ, ನಾಳೆಯದನ್ನು ಬರೆಸುವುದೇ ಕಷ್ಟ. ಶುಲ್ಕ ವರ್ಷಕ್ಕೆ ಶೇ. 10ರಂತೆ ಏರಿದರೆ 15,000 ಹತ್ತು ವರ್ಷಕ್ಕೆ ಸುಮಾರು 38,900 ಆಗುತ್ತದೆ. ಒಪ್ಪಂದದಲ್ಲಿ 25,900 ಎಂದಷ್ಟೇ ಬರೆದು ಬಿಟ್ಟರೆ ಮಗು ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಅದು ಅರೆಹೊಟ್ಟೆಯ ಹಣ. ಆದ್ದರಿಂದ ಎರಡು ತುಂಡು ಮಾಡುವುದು ಮೇಲು: ಶಾಲೆಯ ಶುಲ್ಕ ಎಷ್ಟಿದೆಯೋ ಅಷ್ಟರಲ್ಲಿ ಶೇ. 70 ತಂದೆ ಕೊಡತಕ್ಕದ್ದು. ಉಳಿದ ತಿಂಗಳ ಖರ್ಚಿಗೆ ಇಷ್ಟು ಮೊತ್ತ, ಪ್ರತಿ ಏಪ್ರಿಲ್‌ನಲ್ಲಿ ಶೇ. 7 ಏರಿಕೆ. ಶಾಲೆ ಬದಲಿಸುವುದಾದರೆ ಇಬ್ಬರ ಒಪ್ಪಿಗೆ ಬೇಕು ಎಂಬ ಮಾತನ್ನು ತಂದೆ ಕೇಳಿದರೆ ಅದು ನ್ಯಾಯವಾದದ್ದೇ. ಆಸ್ಪತ್ರೆಗೆ ದಾಖಲಾದರೆ ವಿಮೆ ತುಂಬದ ಭಾಗ ಯಾರದು ಎಂಬ ಸಾಲೂ ಇರಲಿ.

ಹದಿನೆಂಟರ ಗಡಿ ಇನ್ನೊಂದು ಗುಂಡಿ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ (2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144) ಮಗುವಿಗೆ ಸಾಮಾನ್ಯವಾಗಿ ಪ್ರಾಪ್ತ ವಯಸ್ಸಿನವರೆಗೆ ಮಾತ್ರ. ದೈಹಿಕ, ಮಾನಸಿಕ ಅಸಾಮರ್ಥ್ಯ ಇದ್ದರೆ ಮುಂದೆಯೂ. ಮದುವೆಯಾಗದ, ತನ್ನನ್ನು ತಾನು ಸಾಕಿಕೊಳ್ಳಲಾಗದ ಹಿಂದೂ ಮಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಆಸರೆಯಾಗುತ್ತದೆ ಎಂದು 2020ರ ಅಭಿಲಾಷಾ ಪ್ರಕರಣ ಹೇಳಿತು. ಮಗನಿಗೆ ಅಂಥ ಸ್ಪಷ್ಟ ಆಸರೆ ಆ ಕಾಯ್ದೆಯಲ್ಲಿಲ್ಲ. ಅಂದರೆ ಎರಡನೇ ಪಿಯುಸಿ ಮುಗಿಸಿ ಸಿಇಟಿ ಬರೆದು, ಕಾಲೇಜಿನ ದೊಡ್ಡ ಶುಲ್ಕ ಶುರುವಾಗುವ ಹೊತ್ತಿಗೆ ತಿಂಗಳ ಹಣ ನಿಲ್ಲುತ್ತದೆ. ‘ಮೊದಲ ಪದವಿ ಮುಗಿಯುವವರೆಗೆ ಅಥವಾ 23 ವರ್ಷದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ’ ಎಂಬ ಸಾಲನ್ನು ಬರೆಸಿಕೊಳ್ಳಲು ಸಂಧಾನವೇ ಸರಿಯಾದ ಜಾಗ.

ಮಗುವಿನ ಹಣವನ್ನೂ ಒಂದೇ ಗಂಟಾಗಿ ಪಡೆಯುವುದಾದರೆ? ಮುಂದೆ ಕೊಡುವುದಿಲ್ಲ ಎಂಬ ಭಯ ಇದ್ದಲ್ಲಿ ಅದೇ ಜಾಣತನ. ಆದರೆ 25 ಲಕ್ಷವನ್ನು ಶೇ. 7ಕ್ಕೆ ಠೇವಣಿ ಇಟ್ಟರೆ ತಿಂಗಳಿಗೆ ಬರುವುದು 14,600 ರೂಪಾಯಿಯ ಆಸುಪಾಸು, ಮೇಲಿನ 25,900 ಅಲ್ಲ. ಅಪ್ರಾಪ್ತ ಮಗುವಿನ ಹೆಸರಿನ ಠೇವಣಿಯ ಬಡ್ಡಿಯನ್ನು, ಮದುವೆ ಮುರಿದಿದ್ದರೆ, ಮಗುವನ್ನು ಸಾಕುತ್ತಿರುವವರ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಹೆಂಡತಿಯ ಜೀವನಾಂಶದ ತೆರಿಗೆಯೂ ತಿಳಿದಿರಲಿ: ತಿಂಗಳು ತಿಂಗಳು ಬಂದರೆ ಆದಾಯ, ಒಟ್ಟಿಗೆ ಬಂದರೆ ಬಂಡವಾಳ ಎಂಬುದು 1980ರ ದಶಕದ ಬಾಂಬೆ ಹೈಕೋರ್ಟ್ ತೀರ್ಪಿನಿಂದ ನಡೆದುಬಂದ ರೂಢಿ.

ಕಸ್ಟಡಿಯನ್ನು ಹಣದ ಜೊತೆ ಕಟ್ಟುವುದನ್ನು ಮಾತ್ರ ಒಪ್ಪಲಾಗದು. ‘ಶನಿವಾರ ಮಗುವನ್ನು ಕಳಿಸಲಿಲ್ಲ, ಹಾಗಾಗಿ ಹಣ ಕಳಿಸಲಿಲ್ಲ’ ಎಂಬ ವಾದ ನ್ಯಾಯಾಲಯದಲ್ಲಿ ನಡೆಯದು. ಭೇಟಿಗೂ ಅನ್ನಕ್ಕೂ ಸಂಬಂಧವಿಲ್ಲ. ತಿರುಗಿಸಿ, ಹಣ ಬಾರದ್ದಕ್ಕೆ ಮಗುವನ್ನು ತೋರಿಸದಿರುವುದೂ ಅಷ್ಟೇ ತಪ್ಪು.

ಮುಸ್ಲಿಂ ದಂಪತಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕು ರಕ್ಷಣೆಯ 1986ರ ಕಾಯ್ದೆಯಲ್ಲಿ ಮಗುವಿಗೆ ಎರಡು ವರ್ಷ ತುಂಬುವವರೆಗೆ ಎಂದಿರುವುದರಿಂದ ಅಲ್ಲಿಗೆ ತಂದೆಯ ಹೊಣೆ ಮುಗಿಯಿತು ಎನ್ನುವವರಿದ್ದಾರೆ. ಪ್ರಾಪ್ತ ವಯಸ್ಸಿನವರೆಗೂ ತಂದೆ ಹೊಣೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಹೇಳಿಯಾಗಿದೆ.

ಫ್ಲ್ಯಾಟು, ಸಾಲ, ಒಡವೆ

ಇಬ್ಬರ ಹೆಸರಿನ ಫ್ಲ್ಯಾಟ್, ಇಂದಿನ ಬೆಲೆ 95 ಲಕ್ಷ, ಬಾಕಿ ಸಾಲ 38 ಲಕ್ಷ ಎನ್ನಿ. ಹಂಚಲು ಇರುವುದು 57 ಲಕ್ಷ, 95 ಅಲ್ಲ. ಯಾರು ಎಷ್ಟು ಹಾಕಿದರು ಎಂದು ಪತ್ರದಲ್ಲೂ ಪುರಾವೆಯಲ್ಲೂ ಇಲ್ಲದಿದ್ದರೆ ಸಮಪಾಲು ಎಂಬುದು ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ನಿನ ಊಹೆ. ಮುಂಗಡಕ್ಕೆ ಅವನು 10 ಲಕ್ಷ, ಅವಳು ತವರಿನಿಂದ ತಂದ 8 ಲಕ್ಷ ಹಾಕಿದ್ದಾರೆ ಎಂದಾದರೆ, ಮೊದಲು ಆ 18 ಲಕ್ಷವನ್ನು ಹಾಕಿದವರಿಗೆ ಮರಳಿಸಿ ಉಳಿದ 39ನ್ನು ಅರ್ಧ ಮಾಡುವುದು ಇಬ್ಬರೂ ಒಪ್ಪುವ ದಾರಿಗಳಲ್ಲೊಂದು: ಅವಳಿಗೆ 27.5 ಲಕ್ಷ, ಅವನಿಗೆ 29.5. ‘ಇಎಂಐ ಕಟ್ಟಿದ್ದು ನಾನೊಬ್ಬನೇ’ ಎಂದು ಅವನು ಹೇಳುತ್ತಾನೆ. ಆ ತಿಂಗಳುಗಳಲ್ಲಿ ದಿನಸಿ, ಶಾಲೆ, ಆಸ್ಪತ್ರೆ ಯಾರ ಸಂಬಳದಿಂದ ನಡೆಯಿತು ಎಂಬ ಬ್ಯಾಂಕ್ ಸ್ಟೇಟ್‌ಮೆಂಟ್ ಅದಕ್ಕೆ ಉತ್ತರ.

ಮಾರಿ ಹಂಚಿಕೊಳ್ಳುವುದು ಎಲ್ಲಕ್ಕಿಂತ ಸಲೀಸು. ಒಬ್ಬರು ಇಟ್ಟುಕೊಳ್ಳುವುದಾದರೆ ಬ್ಯಾಂಕು ಮೂರನೆಯ ಕಕ್ಷಿ ಎಂಬುದನ್ನು ನೆನಪಿಡಬೇಕು. ವಿಚ್ಛೇದನದ ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ‘ಇನ್ನು ಮುಂದೆ ಇಎಂಐ ಗಂಡನದು’ ಎಂದು ಡಿಕ್ರಿಯಲ್ಲಿದ್ದರೂ ಅವನು ಕಟ್ಟದಿದ್ದರೆ ಸಹ-ಸಾಲಗಾರ್ತಿಯಾದ ಹೆಂಡತಿಗೆ ನೋಟಿಸು ಬರುತ್ತದೆ, ಅವಳ ಸಿಬಿಲ್ ಅಂಕವೂ ಬೀಳುತ್ತದೆ. ಉಳಿಸಿಕೊಳ್ಳುವವರೊಬ್ಬರ ಸಂಬಳದ ಮೇಲೆ ಸಾಲ ನಿಲ್ಲುತ್ತದೆಯೇ ಎಂದು ಬ್ಯಾಂಕಿನಿಂದ ಮೊದಲೇ ಬರಹದಲ್ಲಿ ಪಡೆದು, ಆಮೇಲೆ ಒಪ್ಪಂದಕ್ಕೆ ಸಹಿ ಹಾಕಬೇಕು. ‘ಮಗುವಿಗೆ 18 ಆಗುವವರೆಗೆ ಜಂಟಿಯಾಗೇ ಇರಲಿ’ ಎಂಬುದು ಕೇಳಲು ಹಿತ, ಅನುಭವಿಸಲು ಕೆಟ್ಟದ್ದು: ಹನ್ನೊಂದು ವರ್ಷ ಆಸ್ತಿ ತೆರಿಗೆ, ರಿಪೇರಿ, ಬಾಡಿಗೆದಾರನಿಗಾಗಿ ಇಬ್ಬರೂ ಮಾತಾಡುತ್ತಲೇ ಇರಬೇಕು. ಮಗುವಿನ ಹೆಸರಿಗೇ ಬರೆಯುವುದಾದರೆ ಇನ್ನೊಂದು ತೊಡಕು: ಅಪ್ರಾಪ್ತರ ಸ್ಥಿರಾಸ್ತಿಯನ್ನು ಸಹಜ ಪೋಷಕರು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ.

ವರ್ಗಾವಣೆ ಯಾವಾಗ ಎಂಬುದರಲ್ಲೇ ಲಕ್ಷಗಳ ಮಾತಿದೆ. ಕರ್ನಾಟಕದಲ್ಲಿ ಗಂಡ ಹೆಂಡತಿಯ ನಡುವಿನ ದಾನಪತ್ರಕ್ಕೆ, ಹಕ್ಕುಬಿಡುಗಡೆ ಪತ್ರಕ್ಕೆ ಕುಟುಂಬದವರೆಂಬ ಕಾರಣಕ್ಕೆ ಸಣ್ಣ ನಿಗದಿತ ಮುದ್ರಾಂಕ ಶುಲ್ಕ. ಡಿಕ್ರಿ ಬಂದ ಮರುದಿನ ಅವರು ಕುಟುಂಬದವರಲ್ಲ. ಮಾಮೂಲಿ ಕ್ರಯದ ಶುಲ್ಕ ಬೀಳುತ್ತದೆ. ಶೇ. 5ರ ದರದಲ್ಲಿ 47.5 ಲಕ್ಷದ ಅರ್ಧ ಪಾಲಿಗೆ ಅದೊಂದೇ 2,37,500, ಮೇಲೆ ಸೆಸ್ಸು, ನೋಂದಣಿ ಶುಲ್ಕ. ಆದಾಯ ತೆರಿಗೆಯಲ್ಲೂ ಹಾಗೆಯೇ, ಪತಿ ಪತ್ನಿಯರ ನಡುವಿನ ಉಡುಗೊರೆಗೆ ವಿನಾಯಿತಿ, ಮಾಜಿಗಳಿಗೆ ಅದು ಇಲ್ಲ. ಹಾಗಾಗಿ ಪತ್ರ ಡಿಕ್ರಿಗೆ ಮೊದಲೇ ನೋಂದಣಿಯಾಗಬೇಕು. ಅದಕ್ಕೆ ಇ-ಖಾತಾ ಬೇಕು, ಬ್ಯಾಂಕಿನ ಒಪ್ಪಿಗೆ ಬೇಕು. ಎರಡಕ್ಕೂ ವಾರಗಳು ಹಿಡಿಯುತ್ತವೆ. ಇನ್ನೊಂದು ದಾರಿ, ಆಸ್ತಿಯ ಷೆಡ್ಯೂಲನ್ನು (ವಿವರಪಟ್ಟಿ) ವಿಚ್ಛೇದನದ ಅರ್ಜಿಯಲ್ಲೇ ಸೇರಿಸುವುದು. ದಾವೆಯ ವಿಷಯವಲ್ಲದ ಆಸ್ತಿ ರಾಜಿ ಡಿಕ್ರಿಯೊಳಗೆ ಬಂದರೆ ಆ ಡಿಕ್ರಿಯನ್ನೇ ನೋಂದಾಯಿಸಬೇಕು ಎಂದು ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಇದನ್ನು ಮರೆತವರು ಡಿಕ್ರಿ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾರೆ.

ಒಡವೆಗೆ ಬಂದರೆ, ಸ್ತ್ರೀಧನ (ಹೆಣ್ಣಿಗೆಂದೇ ಬಂದ ಒಡವೆ, ಉಡುಗೊರೆ) ಪೂರ್ತಿ ಅವಳದೇ ಎಂಬುದು 1985ರ ಪ್ರತಿಭಾ ರಾಣಿ ಪ್ರಕರಣದಿಂದ ಇತ್ಯರ್ಥವಾದ ಮಾತು. ಅದು ‘ಕೊಡುವ’ ಹಣವಲ್ಲ, ಹಿಂದಿರುಗಿಸುವ ವಸ್ತು, ಜೀವನಾಂಶದಲ್ಲಿ ಕಳೆಯುವಂತಿಲ್ಲ. ಪಟ್ಟಿಯನ್ನು ಗ್ರಾಂ ಲೆಕ್ಕದಲ್ಲಿ ಬರೆಯಬೇಕು: ಎರಡೆಳೆ ಸರ 40 ಗ್ರಾಂ, ಬಳೆ ನಾಲ್ಕು 48 ಗ್ರಾಂ, 22 ಕ್ಯಾರೆಟ್. ಮದುವೆಯ ಬಿಲ್ಲಿನ ರೂಪಾಯಿಯಲ್ಲಿ ಬರೆದರೆ 2012ರ ಬೆಲೆಗೆ ಇಂದಿನ ಚಿನ್ನ ಬಿಟ್ಟುಕೊಟ್ಟಂತೆ. ಬಿಲ್ಲು ಸಿಗದಿದ್ದರೆ ಮದುವೆಯ ಫೋಟೋ, ಲಾಕರಿನ ದಾಖಲೆ, ಗೋಲ್ಡ್ ಲೋನ್ ರಸೀದಿ (ಅಡವಿಡುವಾಗ ತೂಕ ಹಾಕಿರುತ್ತಾರೆ) ಇವು ಪುರಾವೆ. ‘ಎಲ್ಲ ವಸ್ತುಗಳೂ ಮುಟ್ಟಿವೆ’ ಎಂಬ ಸಾಲಿಗೆ ತೂಕ ಹಾಕಿಸಿ ನೋಡದೆ ಸಹಿ ಹಾಕಬಾರದು.

ಸಹಿಯಿಂದ ಡಿಕ್ರಿಯವರೆಗೆ

ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ (ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ) ಒಂದು ವರ್ಷ ಬೇರೆ ಇದ್ದಿರಬೇಕು. ಮೊದಲ ಹಾಜರಿ, ಆರು ತಿಂಗಳ ನಂತರ ಎರಡನೆಯದು. ಎಲ್ಲ ಲೇವಾದೇವಿ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಅಮರ್‌ದೀಪ್ ಸಿಂಗ್ ತೀರ್ಪು ಬಂತು. ನಡುವೆ ಯಾರೊಬ್ಬರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಆದ್ದರಿಂದಲೇ ಹಣವನ್ನು ಕಂತು ಮಾಡುತ್ತಾರೆ: ಮೊದಲ ಹಾಜರಿಗೆ ಒಂದು ಪಾಲು, ಎರಡನೆಯದಕ್ಕೆ ಒಂದು, ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಕೇಸು ಹೈಕೋರ್ಟಿನಲ್ಲಿ ರದ್ದಾದಾಗ ಕೊನೆಯದು. ಡಿಡಿ ತೆಗೆಸಿ ವಕೀಲರ ಫೈಲಿನಲ್ಲಿಡುವ ಪದ್ಧತಿ ಇದೆ. ಡಿಡಿಯ ಆಯಸ್ಸು ಮೂರು ತಿಂಗಳು ಎಂಬುದು ಆರನೇ ತಿಂಗಳಲ್ಲಿ ನೆನಪಾಗುತ್ತದೆ.

ಛಾಪಾ ಕಾಗದದ ಮೇಲೆ ನೋಟರಿ ಮುದ್ರೆ ಹಾಕಿಸಿ ‘ಬಿಡುಗಡೆ’ ಮಾಡಿಕೊಳ್ಳುವ ಚಾಳಿ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಇನ್ನೂ ಇದೆ. ಸಾಬೀತಾದ ಸಮುದಾಯದ ರೂಢಿಯೊಂದನ್ನು ಬಿಟ್ಟರೆ ಅದು ವಿಚ್ಛೇದನವೇ ಅಲ್ಲ. ಅಮೆರಿಕದ ಕನ್ನಡಿಗರಿಗೆ ಸಮಸ್ಯೆ ತಿರುಗುಮುರುಗು: ಅಲ್ಲಿನ ಡಿಕ್ರಿ ನೇರವಾಗಿ ಇಲ್ಲಿ ಜಾರಿಯಾಗದು, ಏಕೆಂದರೆ ಭಾರತ ಅಮೆರಿಕವನ್ನು ಪರಸ್ಪರ ಜಾರಿಯ ದೇಶವೆಂದು ಅಧಿಸೂಚಿಸಿಲ್ಲ, ಆ ಡಿಕ್ರಿ ಆಧರಿಸಿ ಇಲ್ಲಿ ಹೊಸ ದಾವೆ ಹೂಡಬೇಕು. ಬ್ರಿಟನ್ನಿನದೂ, 2020ರಿಂದ ಯುಎಇಯದೂ ಬೇರೆ, ಆ ದೇಶಗಳನ್ನು ಹಾಗೆ ಅಧಿಸೂಚಿಸಲಾಗಿದೆ.

ಹಣ ನಿಂತರೆ ಏನು ಮಾಡಬೇಕು ಎಂಬುದು ಒಪ್ಪಂದದ ದಿನವೇ ಗೊತ್ತಿರಲಿ. 144ನೇ ಸೆಕ್ಷನ್ನಿನ ಆದೇಶವಾದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ‘ಮುಂದಿನ ತಿಂಗಳು ಕೊಡ್ತೀನಿ’ ಎಂಬ ಮಾತಿಗೆ ಹದಿನಾಲ್ಕು ತಿಂಗಳು ಕಾದರೆ ಮೊದಲ ಎರಡು ತಿಂಗಳಿನ ವಾರಂಟ್ ಕೈತಪ್ಪುತ್ತದೆ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ ರಕ್ಷಣೆ, ಉಳಿದ ಎರಡು ಭಾಗ ಜಪ್ತಿಯಾಗಬಲ್ಲದು. ಅವನ ಉದ್ಯೋಗದಾತರ ವಿಳಾಸ, ಕೆಲಸ ಬದಲಿಸಿದರೆ ಹದಿನೈದು ದಿನದಲ್ಲಿ ತಿಳಿಸುವ ಷರತ್ತು ಒಪ್ಪಂದದಲ್ಲಿದ್ದರೆ ಜಪ್ತಿ ಆದೇಶ ಎಲ್ಲಿಗೆ ಕಳಿಸಬೇಕೆಂಬ ಹುಡುಕಾಟ ತಪ್ಪುತ್ತದೆ. ಕೊಡುವವರಿಗೂ ಒಂದು ಕಿವಿಮಾತು: ನಗದು ಬೇಡ. ಖಾತೆಯಿಂದ ಖಾತೆಗೆ ಕಳಿಸಿ, ಷರಾದಲ್ಲಿ ‘ಮಗುವಿನ ಜೂನ್ ತಿಂಗಳ ಖರ್ಚು’ ಎಂದು ಬರೆಯಿರಿ. ಹುಟ್ಟುಹಬ್ಬಕ್ಕೆ ಕೊಡಿಸಿದ ಸೈಕಲ್ಲನ್ನು, ಸಂಕ್ರಾಂತಿಗೆ ತಂದ ಬಟ್ಟೆಯನ್ನು ಆ ತಿಂಗಳ ಹಣದಲ್ಲಿ ಕಳೆದುಕೊಂಡರೆ ಅದು ಬಾಕಿಯೆಂದೇ ಲೆಕ್ಕ.